ಕಾಫಿಯೂ ಕೈಯ ಸ್ಥಿರತೆಯೂ

ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ದಿನ ನಿತ್ಯಕ್ಕಿಂತ ಒಂದು ಲೋಟ ಹೆಚ್ಚಾಗಿ, ಅದೂ ಗಟ್ಟಿ ಡಿಕಾಕ್ಷನ್ನಿನ ಕಾಫಿಯನ್ನು, ಕುಡಿದು ಹೊರಡುವ ವಿದ್ಯಾರ್ಥಿಗಳು ನಮ್ಮಲ್ಲಿ ಕಡಿಮೆಯೇನಲ್ಲ. ತಲೆ ಚುರುಕಾದರೆ ಕೈಯೂ ಚುರುಕಾಗುವುದೆಂದು ಅವರ ನಂಬಿಕೆ. ಚುರುಕಾಗುವುದೇನೋ ನಿಜ. ಆದರೆ ಬ್ಯೂರೆಟ್ಟಿನ ನಲ್ಲಿಯನ್ನು ಹಿಡಿದು ಕೊನೆಯ ಒಂದೇ ಹನಿಯನ್ನು ಬೀಳಿಸಬೇಕಾದವನಿಗೆ ಬೇಕಾದುದು ವೇಗವಲ್ಲ, ಸ್ಥಿರತೆ. ಇವೆರಡನ್ನೂ ಒಂದೆಂದು ಭಾವಿಸುವುದೇ ಇಲ್ಲಿನ ತಪ್ಪೆಂದು ನನ್ನ ಅಭಿಪ್ರಾಯ.

ಯಾರ ಕೈಯೂ ಸಂಪೂರ್ಣ ನಿಶ್ಚಲವಲ್ಲ. ಆರೋಗ್ಯವಂತನ ಚಾಚಿದ ಬೆರಳುಗಳು ಸಹ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ, ಕಣ್ಣಿಗೆ ಕಾಣದಷ್ಟು ನಸುವಾಗಿ, ಅದುರುತ್ತಲೇ ಇರುತ್ತವೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ನರಕೋಶಗಳ ಚಟುವಟಿಕೆಗೆ ಕಡಿವಾಣ ಹಾಕುತ್ತದೆ. ಅದು ಬಂದು ಸೇರಬೇಕಾದ ಸ್ಥಾನಗಳನ್ನು ಕೆಫೀನು ತಾನೇ ಆಕ್ರಮಿಸಿ ಆ ಕಡಿವಾಣವನ್ನು ಸಡಿಲಿಸುತ್ತದೆ. ಜೊತೆಗೆ ಅಡ್ರಿನಲಿನ್ನಿನ ಸ್ರಾವವೂ ಹೆಚ್ಚುವುದರಿಂದ ಸಹಜವಾದ ಅದುರು ದೊಡ್ಡದಾಗಬಹುದು.

1911ರಲ್ಲಿ ಹ್ಯಾರಿ ಹಾಲಿಂಗ್‌ವರ್ತ್ ಎಂಬ ಮನೋವಿಜ್ಞಾನಿಯು ನ್ಯೂಯಾರ್ಕಿನಲ್ಲಿ ಇದನ್ನು ಅಳೆದು ನೋಡಿದನು. 16 ಮಂದಿಗೆ ಕೆಫೀನನ್ನೋ ಬರಿಯ ಹಾಲಿನ ಸಕ್ಕರೆಯನ್ನೋ ತುಂಬಿದ ಕ್ಯಾಪ್ಸೂಲುಗಳನ್ನು ಕೊಡಲಾಯಿತು. ಯಾವುದರಲ್ಲಿ ಏನಿದೆಯೆಂಬುದು ನುಂಗಿದವರಿಗೂ ತಿಳಿಯದು, ಪರೀಕ್ಷಿಸಿದವರಿಗೂ ತಿಳಿಯದು. ಕಿರಿದಾದ ರಂಧ್ರದೊಳಗೆ ಲೋಹದ ಕಡ್ಡಿಯನ್ನು ಅಂಚಿಗೆ ತಗುಲದಂತೆ ಹಿಡಿಯುವುದು ಸ್ಥಿರತೆಯ ಪರೀಕ್ಷೆ. ಬೇಗಬೇಗ ತಟ್ಟುವುದರಲ್ಲಿ ಕೆಫೀನು ನೆರವಾಯಿತು. ಆದರೆ 6 ಗ್ರೇನಿನಷ್ಟು, ಎಂದರೆ ಸುಮಾರು 390 ಮಿಲಿಗ್ರಾಂ, ಸೇವಿಸಿದಾಗ ಕೈ ಅಸ್ಥಿರವಾಯಿತು. ಈ ಪ್ರಯೋಗಕ್ಕೆ ಹಣವನ್ನೊದಗಿಸಿದುದು, ಕೆಫೀನಿನ ವಿಚಾರವಾಗಿಯೇ ಸರ್ಕಾರದೊಡನೆ ಮೊಕದ್ದಮೆಯಲ್ಲಿ ಸಿಕ್ಕಿದ್ದ ಕೋಕಾ-ಕೋಲಾ ಕಂಪನಿ! ಹಾಗಿದ್ದೂ ಅದಕ್ಕೆ ಹಿತವಲ್ಲದ ಈ ಫಲಿತಾಂಶವು 1912ರಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾಯಿತೆಂಬುದನ್ನು ನಾನು ಮೆಚ್ಚುತ್ತೇನೆ.

ಇಷ್ಟರಿಂದ ಕಾಫಿಯನ್ನೇ ದೂರಬೇಕಾಗಿಲ್ಲ. ನಿತ್ಯ ಕುಡಿಯುವವರ ದೇಹ ಅದಕ್ಕೆ ಬಹುಮಟ್ಟಿಗೆ ಒಗ್ಗಿಕೊಂಡಿರುತ್ತದೆ. ಅಂಥವರು ಪರೀಕ್ಷೆಯ ಹಿಂದಿನ ದಿನ ಥಟ್ಟನೆ ಬಿಟ್ಟರೆ, 12ರಿಂದ 24 ಗಂಟೆಗಳೊಳಗೆ ತಲೆನೋವು, ಆಲಸ್ಯಗಳು ತಲೆದೋರಬಹುದು. ಆದುದರಿಂದ ಬೇರೆ ದಿನ ಕುಡಿಯುವಷ್ಟನ್ನೇ ಅಂದೂ ಕುಡಿಯಲಿ. ರೂಢಿಯಿಲ್ಲದವರು ಅಂದು ಹೊಸದಾಗಿ ಆರಂಭಿಸದಿರಲಿ. ಕುಡಿದ 30ರಿಂದ 60 ನಿಮಿಷಗಳಲ್ಲಿ ರಕ್ತದಲ್ಲಿ ಕೆಫೀನು ಸಾಮಾನ್ಯವಾಗಿ ಶಿಖರಕ್ಕೇರುತ್ತದೆ. ಅದರಲ್ಲಿ ಅರ್ಧ ಕಳೆಯಲು ಸುಮಾರು 5 ಗಂಟೆ ಬೇಕು. ಹತ್ತು ಗಂಟೆಯ ಪರೀಕ್ಷೆಗೆಂದು ಒಂಬತ್ತಕ್ಕೆ ಕುಡಿದ ಲೋಟದ ಪ್ರಭಾವವು ಬ್ಯೂರೆಟ್ಟನ್ನು ಹಿಡಿಯುವ ಹೊತ್ತಿಗೇ ಏರಿರುತ್ತದೆ. ಬಣ್ಣವನ್ನು ನೋಡಿ ಲೆಕ್ಕ ಹಾಕುವಂತೆಯೂ ಇಲ್ಲ: ಡಿಕಾಕ್ಷನ್ನನ್ನು ಕಪ್ಪಾಗಿಸುವ ಚಿಕೋರಿಯಲ್ಲಿ ಕೆಫೀನಿಲ್ಲ. ಇನ್ನು, ರಾತ್ರಿಯೆಲ್ಲ ನಿದ್ದೆಗೆಟ್ಟವನ ಕೈ ಕಾಫಿಯಿಲ್ಲದೆಯೂ ನಡುಗೀತು.

ಸಂದೇಹವುಳ್ಳವರು ರಜೆಯ ದಿನವೊಂದರಲ್ಲಿ ಪರೀಕ್ಷಿಸಿ ನೋಡಬಹುದು. ಕಾಫಿಗೆ ಮುಂಚೆ ಕೈಯನ್ನು ನೀಳವಾಗಿ ಚಾಚಿ, ಬೆರಳುಗಳ ಮೇಲೆ ತೆಳುವಾದ ಕಾಗದದ ಹಾಳೆಯೊಂದನ್ನು ಹಾಸಿ, ಅದರ ಅಂಚನ್ನು ಗಮನಿಸಿರಿ. ಮುಕ್ಕಾಲು ಗಂಟೆಯ ಬಳಿಕ ಮತ್ತೊಮ್ಮೆ. ಅಂಚಿನ ಅದುರನ್ನು ನೀವೇ ಅಳೆಯದೆ, ನೀವು ಕಾಫಿ ಕುಡಿದಿರೋ ಇಲ್ಲವೋ ಎಂಬುದನ್ನರಿಯದ ಗೆಳೆಯನೊಬ್ಬನಿಂದ ಅಳೆಯಿಸಿರಿ.