‘ಏನೂ ಪ್ರಾಬ್ಲಂ ಇಲ್ಲ ಸಾರ್!’

ನಮ್ಮ ಕಾರಿಗೆ ಒಂದು ವಿಚಿತ್ರ ಗುಣ. ಮನೆ ಮುಂದೆ ಹತ್ತು ಸಲ ಕೀಲಿ ತಿರುಗಿಸಿದರೂ ‘ಟಕ್’ ಅಂತ ಒಂದು ಸದ್ದು ಮಾಡಿ ಸುಮ್ಮನಾಗುವ ಇದು, ಸರ್ವೀಸ್ ಸೆಂಟರಿನ ಗೇಟು ಕಂಡರೆ ಸಾಕು, ಇನ್‌ಸ್ಪೆಕ್ಟರ್ ಬಂದ ದಿನದ ಸ್ಕೂಲು ಹುಡುಗನ ಥರ ಆಗಿಬಿಡುತ್ತೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಪಕ್ಕ ಕೈಕೊಟ್ಟಿದೆ, ಶುಕ್ರವಾರದ ರಶ್ಶಿನಲ್ಲಿ ಬನಶಂಕರಿ ದೇವಸ್ಥಾನದ ಹತ್ತಿರ ಕೈಕೊಟ್ಟಿದೆ, ಬಿಟಿಎಂನಲ್ಲಿ ಯಾರದೋ ಗೇಟಿಗೆ ಅಡ್ಡ ನಿಂತು ಬೈಸಿದೆ. ಸರ್ವೀಸ್ ಸೆಂಟರಿನಲ್ಲಿ ಒಂದು ದಿನವೂ ಇಲ್ಲ.

ಎರಡು ವರ್ಷದಲ್ಲಿ ಬ್ಯಾಟರಿ ಬದಲಾಯಿತು, ಸ್ಟಾರ್ಟರ್ ಮೋಟರ್ ಬದಲಾಯಿತು. ಪ್ರತಿ ಸಲ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುತ್ತಾರೆ. ಎರರ್ ಕೋಡ್ ಬರಲ್ಲ. “ಏನೂ ಪ್ರಾಬ್ಲಂ ಇಲ್ಲ ಸಾರ್, ಗಾಡಿ ಸೂಪರ್ ಆಗಿದೆ” ಅಂತ ತೊಳೆದು, ಬಿಲ್ಲಿನ ಜೊತೆ ಕೊಡುತ್ತಾರೆ.

ನನ್ನ ಜಗಳ ಕಾರಿನ ಜೊತೆ ಅಲ್ಲ, ಈ ಮಾತಿನ ಜೊತೆ. ‘ನಮಗೆ ಸಿಗಲಿಲ್ಲ’ ಅಂದರೆ ಸತ್ಯ. ‘ಇಲ್ಲ’ ಅಂದರೆ ಸುಳ್ಳು. ಸ್ಟಾರ್ಟರಿಗೆ ನೂರಾರು ಆಂಪಿಯರ್ ಕರೆಂಟು ಬೇಕು. ಅರ್ಥ್ ವೈರಿನ ಬೋಲ್ಟಿಗೆ ತುಕ್ಕು ಹಿಡಿದಿದ್ದರೆ, ಗಾಡಿ ನಿಂತಾಗ ಬ್ಯಾಟರಿ 12.6 ವೋಲ್ಟ್ ತೋರಿಸಿದರೂ ಕೀಲಿ ತಿರುಗಿಸಿದ ಕ್ಷಣ ವೋಲ್ಟೇಜು ಅಲ್ಲೇ ಬಿದ್ದುಹೋಗಬಹುದು. ಇದಕ್ಕೆಲ್ಲ ಎರರ್ ಕೋಡ್ ಬರಬೇಕು ಅಂತೇನಿಲ್ಲ, ಕಂಪ್ಯೂಟರಿಗೆ ಸೆನ್ಸರ್ ಇರುವ ಕಡೆ ಮಾತ್ರ ಕಣ್ಣು. ಮಲ್ಟಿಮೀಟರ್ ಹಿಡಿದು, ತೊಂದರೆ ಬರುವ ತನಕ ಕಾಯಬೇಕು. ಕಾಯೋಕೆ ಅವರಿಗೆ ಪುರುಸೊತ್ತಿಲ್ಲ.

ಹೋದ ಆಷಾಢದಲ್ಲಿ ಅಪ್ಪ ಊರಿಂದ ಬಂದಿದ್ದರು. ರಾತ್ರಿ ಎರಡೂವರೆಗೆ ಎದೆ ಹಿಡ್ಕೊಂಡು ಕೂತರು, ಮೈಯೆಲ್ಲ ಬೆವರು. ಕೆಳಗೆ ಓಡಿ ಕೀಲಿ ತಿರುಗಿಸಿದೆ. ಟಕ್. ತಳ್ಳೋಣ ಅಂದರೆ ಆಟೋಮ್ಯಾಟಿಕ್ ಗಾಡಿ. ಪಕ್ಕದ ಬೀದಿಯ ಆಟೋದವರ ಬಾಗಿಲು ತಟ್ಟಿದೆ. ಪುಣ್ಯಾತ್ಮ, ಲುಂಗಿಯಲ್ಲೇ ಎದ್ದು ಬಂದು ಆಸ್ಪತ್ರೆಗೆ ಮುಟ್ಟಿಸಿದರು.

ಅಲ್ಲಿ ಇಸಿಜಿ ಮಾಡಿದರು. ನಾರ್ಮಲ್ ಬಂತು. ನಮ್ಮ ಸರ್ವೀಸ್ ಸೆಂಟರಿನವರಾಗಿದ್ದರೆ ಅಪ್ಪನನ್ನೂ ತೊಳೆದು ಮನೆಗೆ ಕಳಿಸ್ತಿದ್ದರೇನೋ. ಡ್ಯೂಟಿ ಡಾಕ್ಟರು ಮಾತ್ರ, “ಈಗ ನಾರ್ಮಲ್ ಇದೆ, ಆದರೆ ನೋವು ಬಂದಿದ್ದು ನಿಜ ತಾನೇ? ಬೆಳಗ್ಗೆ ತನಕ ಇರಲಿ, ಮತ್ತೆ ನೋಡೋಣ” ಅಂದರು. ಎರಡನೇ ಸಲದ ರಕ್ತ ಪರೀಕ್ಷೆಯಲ್ಲಿ ಸಿಕ್ಕಿತು. ಸ್ಟೆಂಟ್ ಹಾಕಿದರು. ಅಪ್ಪ ಈಗ ತೋಟದಲ್ಲಿದ್ದಾರೆ.

‘ಕಾಣದ ರೋಗಕ್ಕೆ ಮದ್ದು ಎಲ್ಲಿಂದ ತರ್ತಾರೆ ಪಾಪ’ ಅಂತ ನೀವು ಕೇಳಬಹುದು. ಒಪ್ಪಿದೆ. ನನಗೂ ಹೇಳುವ ಯೋಗ್ಯತೆ ಕಮ್ಮಿಯೇ. ‘ನನ್ನ ಮಷೀನಲ್ಲಿ ಬರ್ತಿಲ್ಲ’ ಅಂತ ಬರೆದು ಎಷ್ಟು ಬಗ್ ಮುಚ್ಚಿದ್ದೀನೋ ಲೆಕ್ಕ ಇಟ್ಟಿಲ್ಲ. ಆ ಕಡೆ ಯಾರು ಯಾವ ಅವಸರದಲ್ಲಿದ್ದರೋ. ನಾನು ಕೇಳ್ತಿರೋದು ರಿಪೇರಿಯ ಗ್ಯಾರಂಟಿ ಅಲ್ಲ. ಸಿಗಲಿಲ್ಲ ಅಂತ ಬರೆಯೋ ಪ್ರಾಮಾಣಿಕತೆ.

ಬರೆಯದಿದ್ದರೆ ಏನಾಗುತ್ತೆ? ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ಚು ಸಡಿಲ ಇತ್ತು. ಓಡುವಾಗಲೇ ಕೀಲಿ ಜಾರಿ ಎಂಜಿನ್ ಆಫ್ ಆಗೋದು, ಆಮೇಲೆ ಗುದ್ದಿದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳದು. ಕಂಪನಿಯೊಳಗೆ ವರ್ಷಗಟ್ಟಲೆ ಗೊತ್ತಿತ್ತು. ಮಧ್ಯೆ ಸ್ವಿಚ್ಚು ಬದಲಿಸಿದರು, ಪಾರ್ಟ್ ನಂಬರ್ ಬದಲಿಸಲಿಲ್ಲ. ಹೀಗಾಗಿ ಹಳೇದು ಯಾವುದು, ಹೊಸದು ಯಾವುದು ಅಂತ ಹುಡುಕುವವರಿಗೇ ತಿಳಿಯದೆ ಹೋಯಿತು. ಗಾಡಿಗಳನ್ನು ವಾಪಸ್ ಕರೆದದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿಯೇ ಕೊನೆಗೆ 124 ಸಾವುಗಳನ್ನು ಒಪ್ಪಿಕೊಂಡಿತು.

ನಮ್ಮಲ್ಲೂ 2021ರ ಏಪ್ರಿಲ್‌ನಿಂದ ರೀಕಾಲ್ ನಿಯಮ ಇದೆ. 7 ವರ್ಷದೊಳಗಿನ ಗಾಡಿಗಳಲ್ಲಿ ಸುರಕ್ಷತೆಯ ದೋಷ ಇದ್ದು, ಒಂದೇ ಥರದ ದೂರು ಇಷ್ಟು ಅಂತ ಸೇರಿದರೆ ವಾಪಸ್ ಕರೆಸಬಹುದು. ಆದರೆ ‘ಏನೂ ಇಲ್ಲ’ ಅಂತ ಬರೆದ ಜಾಬ್ ಕಾರ್ಡ್ ಹಿಡ್ಕೊಂಡು ಯಾವ ಪೋರ್ಟಲ್ಲಿಗೆ, ಯಾವ ಗ್ರಾಹಕರ ಆಯೋಗಕ್ಕೆ ಹೋಗೋದು? ಆ ಎರಡು ಪದ ನಮ್ಮ ದೂರನ್ನು ಎಣಿಕೆಯಿಂದಲೇ ತೆಗೆದುಹಾಕುತ್ತೆ.

ಪಂಪ್‌ಸೆಟ್ ಕೈಕೊಟ್ಟ ದಿನ ಅಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕೋರು. ಈಗ ನಾನೂ ಶುರು ಮಾಡಿದ್ದೀನಿ: ದಿನ, ಹೊತ್ತು, ಮಳೆಯೋ ಬಿಸಿಲೋ, ಎಷ್ಟು ಹೊತ್ತು ನಿಂತಿತ್ತು. ಹೋದ ಸಲ ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಆ ಎರಡು ಪದ ಹೊಡೆದುಹಾಕಿ, ಕನ್ನಡದಲ್ಲೇ ‘ತೊಂದರೆ ಇದೆ, ಇವರಿಗೆ ಸಿಕ್ಕಿಲ್ಲ’ ಅಂತ ಬರೆದೆ. ಕೌಂಟರಿನ ಹುಡುಗ, “ಹಂಗೆಲ್ಲ ಬರೆಯಂಗಿಲ್ಲ ಸಾರ್” ಅಂದ.

ಬರೀರಿ. ನೀವೂ ಬರೀರಿ. ಕಾರು ಇನ್ನೂ ಸರಿಹೋಗಿಲ್ಲ. ಆಟೋದವರ ನಂಬರು ಫ್ರಿಜ್ ಮೇಲೆ ಅಂಟಿಸಿದ್ದೀನಿ.