ಯಂತ್ರದ ಕಿವಿ, ಅಜ್ಜಿಯ ಮಾತು



ಕಳೆದ ಶ್ರಾವಣದ ಒಂದು ಸೋಮವಾರ ಹಲಸೂರಿನ ಭಕ್ತರೊಬ್ಬರ ಮನೆಗೆ ನಾವು ಪೂಜೆಗೆಂದು ಹೋಗಿದ್ದೆವು. ಆ ಮನೆಯ ಹಿರಿಯರಾದ ತಾಯಿಯವರು ಧಾರವಾಡದ ಕಡೆಯವರು, ಎಪ್ಪತ್ತೈದು ದಾಟಿದವರು. ಕಣ್ಣು ಮಂಜಾಗಿರುವುದರಿಂದ, ಮೊಮ್ಮಗನು ಕೊಡಿಸಿದ ಫೋನಿನೊಡನೆ ಮಾತನಾಡಿಯೇ ಬೇಕಾದುದನ್ನು ತಿಳಿದುಕೊಳ್ಳುವರು. ಅಂದು ಅವರಿಗೆ ಉಪವಾಸ. ಬೆಳಗಿನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನುಂಗಬೇಕೋ ಬಿಡಬೇಕೋ ಎಂಬ ಸಂದೇಹ ಬಂದಿತು. ಫೋನನ್ನು ಬಾಯಿಯ ಬಳಿ ಹಿಡಿದು, ವೈದ್ಯರನ್ನು ಕೇಳುವಷ್ಟೇ ವಿನಯದಿಂದ, "ಊಟ ಮಾಡ್ದ ಈ ಸಕ್ಕರಿ ಗುಳಿಗಿ ತಗೋಬಹುದೇನ್ರೀ?" ಎಂದರು. "ತೆಗೆದುಕೊಳ್ಳಬಹುದು" ಎಂದು ಉತ್ತರ ಬಂದಿತು. ತಾಯಿಯವರು ನೀರಿನ ಲೋಟಕ್ಕೆ ಕೈಚಾಚಿದರು.

ಪಕ್ಕದಲ್ಲಿದ್ದ ಮೊಮ್ಮಗನು ಫೋನಿನ ಪರದೆಯನ್ನು ನೋಡಿದವನೇ, "ಅಜ್ಜೀ, ತಡಿ, ನುಂಗಬ್ಯಾಡ" ಎಂದು ಕೂಗಿದನು. ಅಜ್ಜಿ ಕೇಳಿದ್ದು ಊಟ ಮಾಡದೆ ತೆಗೆದುಕೊಳ್ಳಬಹುದೇ ಎಂದು. ಯಂತ್ರವು ಬರೆದುಕೊಂಡದ್ದು ಊಟ ಮಾಡಿದ ಮೇಲಿನ ಪ್ರಶ್ನೆಯೆಂದು. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದೆಂಬುದನ್ನು ವೈದ್ಯರೆಲ್ಲರೂ ಬಲ್ಲರು. ಮನೆಯವರು ಕೂಡಲೇ ತಮ್ಮ ವೈದ್ಯರಿಗೆ ಫೋನು ಮಾಡಿ ಕೇಳಿದರು. ಅನಾಹುತ ತಪ್ಪಿತು.

ಈ ತಪ್ಪು ಯಾರದು? ಅಜ್ಜಿಯದಂತೂ ಅಲ್ಲ. ಧಾರವಾಡದ ಕಡೆ 'ಮಾಡ್ದ' ಎಂದರೆ 'ಮಾಡದೆ' ಎಂದರ್ಥ. ಅದೇ ಮೈಸೂರಿನ ಕಡೆಯವರು "ಅವನು ಕೆಲಸ ಮಾಡ್ದ" ಎಂದರೆ 'ಮಾಡಿದನು' ಎಂದರ್ಥ. ನಾದ ಒಂದೇ, ಅರ್ಥ ಮಾತ್ರ ತದ್ವಿರುದ್ಧ. ಎರಡೂ ಅಚ್ಚಕನ್ನಡವೇ.

ಯಂತ್ರವು ನಮ್ಮಂತೆ ಮಾತನ್ನು ಕೇಳುವುದಿಲ್ಲ. ಧ್ವನಿಯನ್ನು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಅಳೆದು, ಇದು ಯಾವ ಅಕ್ಷರದ ನಾದವಿರಬಹುದೆಂದು ಊಹಿಸುತ್ತದೆ. ಬಳಿಕ ತಾನು ಹಿಂದೆ ಕಲಿತ ಅಸಂಖ್ಯ ವಾಕ್ಯಗಳ ಬಲದಿಂದ, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ತೂಗಿ ನೋಡುತ್ತದೆ. ಕೊನೆಗೆ ಕೇಳಿದವರ ಉದ್ದೇಶವೇನು, ವಿವರಗಳೇನು ಎಂದು ಬಿಡಿಸಿಕೊಳ್ಳುತ್ತದೆ. ಈಚಿನ ಯಂತ್ರಗಳು ಈ ಹಂತಗಳನ್ನು ಒಂದರಲ್ಲೊಂದು ಬೆರೆಸಿಯೂ ಮಾಡುವುದುಂಟು. ಆದರೆ ತತ್ತ್ವ ಒಂದೇ: ಹೆಚ್ಚು ಸಂಭವವುಳ್ಳದ್ದನ್ನು ಆರಿಸುವುದು. ಗುಳಿಗೆಯ ಮಾತು ಬಂದೆಡೆಯಲ್ಲೆಲ್ಲ 'ಊಟ ಮಾಡಿದ ಮೇಲೆ' ಎಂಬುದೇ ಹೆಚ್ಚಾಗಿ ಕಾಣುವುದರಿಂದ ತಕ್ಕಡಿಯು ಅತ್ತ ವಾಲಿದರೆ ಆಶ್ಚರ್ಯವಿಲ್ಲ. ಹಲವರು ಕೇಳುವ ಪ್ರಶ್ನೆಗೆ ಯಂತ್ರದ ಕಿವಿ ಚುರುಕು. ಉಪವಾಸವಿದ್ದ ಒಬ್ಬ ಅಜ್ಜಿಯ ಪ್ರಶ್ನೆಗೆ ಮಂದ.

ನಮ್ಮ ನುಡಿಯ ಇನ್ನೊಂದು ಗುಣವನ್ನೂ ಇಲ್ಲಿ ನೆನೆಯಬೇಕು. ಮಠದ ಪಾಠಶಾಲೆಯಲ್ಲಿ ನಾವು ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಓದುತ್ತಿದ್ದಾಗ, ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡುವುದು ಬೇಸರದ ಕೆಲಸವೆನಿಸುತ್ತಿತ್ತು. ಅವುಗಳ ಬೆಲೆ ಈಗ ತಿಳಿಯುತ್ತಿದೆ. "ಹಲಸೂರಿನಿಂದ ಕೆ.ಆರ್. ಪುರಕ್ಕೆ ಹೋಗುವುದು ಹೇಗೆ" ಎನ್ನಬಹುದು, "ಕೆ.ಆರ್. ಪುರಕ್ಕೆ ಹೇಗೆ ಹೋಗುವುದು, ಹಲಸೂರಿನಿಂದ" ಎಂದೂ ಎನ್ನಬಹುದು. ಪದಗಳ ಸ್ಥಾನ ಬದಲಾದರೂ ಅರ್ಥ ಕದಲದು. 'ಇಂದ' ಮತ್ತು 'ಕ್ಕೆ'ಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಊರುಗಳ ಹೆಸರನ್ನಷ್ಟೇ ಹೆಕ್ಕಿಕೊಂಡು ಪ್ರತ್ಯಯವನ್ನು ಬಿಡುವ ಯಂತ್ರವು ಹೊರಟ ಊರನ್ನೇ ತಲುಪುವ ಊರೆಂದು ತಿಳಿದೀತು. 2023ರ ಅಕ್ಟೋಬರಿನಿಂದ ಈ ಎರಡು ಊರುಗಳ ನಡುವೆ ಮೆಟ್ರೋ ರೈಲು ನೇರವಾಗಿ ಓಡುತ್ತಿದೆ, ದಾರಿ ಸುಲಭವಾಗಿದೆ. ಆದರೆ ಪ್ರತ್ಯಯ ತಪ್ಪಿದರೆ ಎದುರು ದಿಕ್ಕಿನ ರೈಲು ಹತ್ತಿದಂತೆಯೇ ಸರಿ.

ಅದರಲ್ಲಿಯೂ ಈ ದಂಡಿನ ಪ್ರದೇಶದ ಮಾತು ಇನ್ನಷ್ಟು ಬೆರಕೆಯದು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಗೊಂಡಿತು. 1949ರಲ್ಲಿ ದಂಡು ಮತ್ತು ಪೇಟೆಗಳು ಒಂದೇ ನಗರಪಾಲಿಕೆಗೆ ಸೇರಿದವು. ಶಿವಾಜಿನಗರದ ರಸ್ಸೆಲ್ ಮಾರುಕಟ್ಟೆಯಲ್ಲಿ ಅರ್ಧ ತಾಸು ನಿಂತರೆ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳೆಲ್ಲ ಕಿವಿಗೆ ಬೀಳುತ್ತವೆ. ಹಲಸೂರನ್ನೇ ಒಬ್ಬರು ಅಲಸೂರು ಎಂದರೆ ಮತ್ತೊಬ್ಬರು ಅಲ್ಸೂರು ಎನ್ನುವರು. ಆಟೋ ಓಡಿಸುವ ಅಣ್ಣನಿಗೆ ಇದಾವುದೂ ತೊಡಕಲ್ಲ, ಅರ್ಥವಾಗದಿದ್ದರೆ "ಎಲ್ಲಿಗಮ್ಮಾ?" ಎಂದು ಮರಳಿ ಕೇಳುವನು. ಯಂತ್ರವು ಅನೇಕ ವೇಳೆ ಮರಳಿ ಕೇಳದೆಯೇ ಉತ್ತರ ಕೊಟ್ಟುಬಿಡುತ್ತದೆ. ಸಂದೇಹವನ್ನು ಒಪ್ಪಿಕೊಳ್ಳುವುದೂ ಜ್ಞಾನದ ಒಂದು ಭಾಗವಲ್ಲವೇ?

ನಿರಾಶೆಗೆ ಕಾರಣವಿಲ್ಲ. ಗೂಗಲ್ ಸಂಸ್ಥೆಯು ಧ್ವನಿಯಿಂದ ಬರೆಯುವ ಸೌಲಭ್ಯವನ್ನು ಕನ್ನಡಕ್ಕೆ ವಿಸ್ತರಿಸಿದ್ದು 2017ರ ಆಗಸ್ಟಿನಲ್ಲಿ. ಇನ್ನೂ ಎಳೆಯ ಪ್ರಾಯದ ವಿದ್ಯೆಯಿದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ನೆರವಿನಿಂದ ನಡೆಸುತ್ತಿರುವ 'ವಾಣಿ' ಯೋಜನೆಯು ದೇಶದ 773 ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸುವ ಗುರಿಯಿಟ್ಟುಕೊಂಡು ಹೊರಟಿತು. ಬರೆದುಕೊಟ್ಟ ವಾಕ್ಯಗಳನ್ನು ಓದಿಸುವ ಬದಲು, ಚಿತ್ರಗಳನ್ನು ತೋರಿಸಿ, ಕಂಡದ್ದನ್ನು ತಮ್ಮ ಆಡುನುಡಿಯಲ್ಲೇ ಹೇಳಿಸುತ್ತಾರೆ. ಧಾರವಾಡದ 'ಮಾಡ್ದ'ವನ್ನೂ ಮೈಸೂರಿನ 'ಮಾಡ್ದ'ವನ್ನೂ ಬೇರೆಬೇರೆಯಾಗಿ ಗುರುತಿಸಲು ಇಂಥ ಸಂಗ್ರಹವೇ ಆಧಾರ.

ಹನ್ನೆರಡನೆಯ ಶತಮಾನದ ಶರಣರು ಜನರಾಡುವ ಮಾತನ್ನೇ ಅನುಭಾವದ ನುಡಿಯಾಗಿಸಿದರು. ಅಂಥ ಪರಂಪರೆಯ ಮನೆಗಳಲ್ಲಿ, ಯಂತ್ರಕ್ಕೆ ತಿಳಿಯಲಿಲ್ಲವೆಂದು ಹಿರಿಯರ ಮಾತನ್ನು ಕಂಡು ಮಕ್ಕಳು ನಗಬಾರದು. ಹಿರಿಯರೂ ತಮ್ಮ ನುಡಿಗೆ ನಾಚಬೇಕಾಗಿಲ್ಲ. ಪ್ರಶ್ನೆಯನ್ನು ಪ್ರತ್ಯಯ ನುಂಗದೆ ನಿಧಾನವಾಗಿ ಕೇಳಿರಿ. 'ಇಲ್ಲದೆ', 'ಬೇಡ', 'ಕೂಡದು' ಎಂಬ ಅರ್ಥವಿದ್ದರೆ ಅದನ್ನು ಬಿಡಿಸಿ ಹೇಳಿರಿ: "ನಾನು ಊಟ ಮಾಡಿಲ್ಲ. ಗುಳಿಗೆ ತೆಗೆದುಕೊಳ್ಳಬಹುದೇ?" ಉತ್ತರವನ್ನು ನಂಬುವ ಮೊದಲು ಯಂತ್ರವು ಬರೆದುಕೊಂಡ ಪ್ರಶ್ನೆಯನ್ನು ಮನೆಯವರೊಬ್ಬರು ಓದಿ ನೋಡಲಿ. ಔಷಧದ ಮಾತಿಗಂತೂ ವೈದ್ಯರೇ ಪ್ರಮಾಣ.

ಆ ದಿನ ಪೂಜೆ ಮುಗಿದ ಮೇಲೆ ತಾಯಿಯವರು ನಮ್ಮನ್ನು ಕೇಳಿದರು: "ಬುದ್ಧೀ, ಅದಕ್ಕ ನಮ್ಮ ಮಾತು ಕಲಿಸಾಕ ಬರ್ತೈತೇನ್ರೀ?" ಕಲಿಸಲು ಬರುತ್ತದೆ, ತಾಯಿ. ಅಲ್ಲಿಯವರೆಗೆ ಮೊಮ್ಮಗನು ಹತ್ತಿರವಿರಲಿ.