ಉಪ್ಪು ತಿಂದ ಗಾಡಿ



ಈ ಸಲ ಅಂಗಡಿಯ ಲೆಕ್ಕ ಬಿಟ್ಟು ಒಂದು ಮೋಟಾರಿನ ಲೆಕ್ಕ ಬರೆಯುತ್ತೇನೆ. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕ, ಕೆನಡಾದಲ್ಲಿ ನೆಲೆಸಿದ್ದಾರೆ. ತಂದೆ-ತಾಯಿ ಆದವರು ನಾಲ್ಕಾರು ತಿಂಗಳು ಹೋಗಿ ಇದ್ದು ಬರುತ್ತೇವೆ. ಹೋದಲ್ಲಿ ಸುಮ್ಮನೆ ಕೂಡುವುದು ನಮ್ಮ ಜಾಯಮಾನವಲ್ಲ, ಮಕ್ಕಳ ಸಂಸಾರಕ್ಕೆ ಬುದ್ಧಿ ಹೇಳುತ್ತೇವೆ. ನಾನು ಹೇಳಿದ ಒಂದು ಬುದ್ಧಿ ಎಷ್ಟಕ್ಕೆ ಬಿತ್ತು ಎಂಬುದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

2018ರ ಡಿಸೆಂಬರದಲ್ಲಿ ನಾನೂ ನಮ್ಮ ಮನೆಯವರೂ ಹಿರಿಯ ಮಗನ ಮನೆಗೆ ಹೋದೆವು. ಅವನಿರುವುದು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ. ಸೋಲಾಪುರದ ಬಿಸಿಲಲ್ಲಿ ಬೆಳೆದ ನಮಗೆ ಅಲ್ಲಿಯ ಚಳಿ ಹೊಸದು. ಜನವರಿಯ ಕೊನೆಗೆ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಇಳಿಯಿತು. ಆದರೆ ನನಗೆ ಚಳಿಗಿಂತ ಹೆಚ್ಚು ಆಶ್ಚರ್ಯವಾದದ್ದು ರಸ್ತೆಯ ಮೇಲಿನ ಉಪ್ಪು. ಹಿಮ ಬಿತ್ತೆಂದರೆ ದೊಡ್ಡ ಲಾರಿಗಳು ಬಂದು ಹೊಲಕ್ಕೆ ಗೊಬ್ಬರ ಎರಚಿದ ಹಾಗೆ ಹರಳುಪ್ಪು ಎರಚಿ ಹೋಗುತ್ತವೆ. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ, ತೋಡಲು ಶುರು ಮಾಡಿ ನೂರು ವರ್ಷ ದಾಟಿದೆ. ಕುಲ್ಫಿ ಮಾಡುವವನು ಬರ್ಫಿಗೆ ಉಪ್ಪು ಹಾಕುವುದನ್ನು ನೋಡಿದ್ದೀರಲ್ಲ, ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದೇ ಯುಕ್ತಿ ಇಲ್ಲಿ ರಸ್ತೆಗೆ. ಹಿಮ ಕರಗಿ ಗಾಡಿ ಜಾರುವುದು ತಪ್ಪುತ್ತದೆ, ಜನರ ಜೀವ ಉಳಿಯುತ್ತದೆ. ಆದರೆ ಆ ಉಪ್ಪುನೀರೆಲ್ಲ ಚಕ್ರದಿಂದ ಚಿಮ್ಮಿ ಗಾಡಿಯ ಹೊಟ್ಟೆಗೆ ಹತ್ತುತ್ತದೆ.

ಮಗನ ಹತ್ತಿರ ಇದ್ದದ್ದು 2006ರ ಮಾಡೆಲ್ಲಿನ ವ್ಯಾನು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎರಡು ವಾರಕ್ಕೊಮ್ಮೆ ಅದನ್ನು ತೊಳೆಯುವ ಅಂಗಡಿಗೆ ಒಯ್ಯುತ್ತಿದ್ದ. ಮೇಲೆ ಕೆಳಗೆ ಎಲ್ಲ ತೊಳೆಯಲು 15 ಡಾಲರ್. ಆಗಿನ ಲೆಕ್ಕಕ್ಕೆ ನಮ್ಮ 1,000 ರೂಪಾಯಿಗೂ ಹೆಚ್ಚು. ಎರಡು ಸಲ ನೋಡಿದೆ, ಮೂರನೆಯ ಸಲ ತಡೆಯಲಾಗಲಿಲ್ಲ. "ಏನಪಾ, ಇವತ್ತ ತೊಳಸ್ತೀ, ನಾಳಿ ಮತ್ತ ರಾಡಿ ಆಗ್ತದ. ಹೊಟ್ಟಿ ಕೆಳಗ ಯಾರು ಬಗ್ಗಿ ನೋಡ್ತಾರ?" ಎಂದೆ. "ಅಪ್ಪಾ, ಉಪ್ಪಿಗೆ ಜಂಗು ಹಿಡೀತದ" ಎಂದು ಅವನು ಮೆಲ್ಲಗೆ ಹೇಳಿದ. ನಾನು ನಕ್ಕುಬಿಟ್ಟೆ. ಹಿರಿಯರ ಮಾತು ಮೀರಬಾರದೆಂದು ಅವನು ಆಮೇಲೆ ತೊಳೆಸುವುದನ್ನು ಬಿಟ್ಟ.

ಉಪ್ಪು ಮಾರಿ ಬದುಕಿದವನು ನಾನು! ನಮ್ಮ ತಂದೆಯವರು ಉಪ್ಪಿನ ಚೀಲಗಳನ್ನು ಅಂಗಡಿಯ ಒಳಗೆ ಬಿಡುತ್ತಿರಲಿಲ್ಲ, ಕಟ್ಟೆಯ ಮೇಲೇ ಇಡಿಸುತ್ತಿದ್ದರು. ಕಬ್ಬಿಣದ ತಕ್ಕಡಿಯಲ್ಲಿ ಉಪ್ಪು ತೂಗಿದರೆ ಬೈಗುಳ ತಪ್ಪುತ್ತಿರಲಿಲ್ಲ. ಮಳೆಗಾಲದಲ್ಲಿ ಚೀಲ ನೀರು ಬಿಟ್ಟು, ಕೆಳಗಿನ ಹಲಗೆಯ ಮೊಳೆಗಳು ಎರಡು ವರ್ಷಕ್ಕೆ ಪುಡಿಪುಡಿ ಆಗುವುದನ್ನು ಕಣ್ಣಾರೆ ಕಂಡಿದ್ದೆ. ಅಷ್ಟು ಕಂಡವನಿಗೆ ಮಗನ ಗಾಡಿಯ ಮುಂದೆ ಕಂಡದ್ದು ಡಾಲರಿನ ಲೆಕ್ಕ ಮಾತ್ರ.

ಏಪ್ರಿಲ್ ಬಂತು, ಹಿಮ ಕರಗಿತು, ಗಿಡಗಳಲ್ಲಿ ಮೊಗ್ಗು ಕಂಡಿತು. ಮಹಾವೀರ ಜಯಂತಿಗೆಂದು ಎಲ್ಲರೂ ಬಸದಿಗೆ ಹೊರಟೆವು. ಸೊಸೆ, ಇಬ್ಬರು ಮೊಮ್ಮಕ್ಕಳು, ನಾವಿಬ್ಬರು. ಮಗ ಗಾಡಿಯನ್ನು ಮನೆಯ ಗ್ಯಾರೇಜಿನಿಂದ ಹಿಂದಕ್ಕೆ ತೆಗೆದು ಬ್ರೇಕ್ ಒತ್ತಿದ. ಕಾಲು ನೆಲದವರೆಗೆ ಹೋಯಿತು. ಕೆಂಪು ದೀಪ ಹತ್ತಿತು. ಅವನು ಕೈಬ್ರೇಕ್ ಎಳೆದು ನಿಲ್ಲಿಸಿದ. ಇಳಿದು ನೋಡಿದರೆ ಹಿಂದಿನ ಚಕ್ರದ ಹತ್ತಿರ ಬ್ರೇಕ್ ಆಯಿಲ್ ಸೋರಿ ನಿಂತಿತ್ತು. ಇನ್ನು ಐದು ನಿಮಿಷಕ್ಕೆ ನಾವು ಹೆದ್ದಾರಿಯಲ್ಲಿ ಇರುತ್ತಿದ್ದೆವು, ಅಲ್ಲಿ ಗಾಡಿಗಳು ತಾಸಿಗೆ 110 ಕಿಲೋಮೀಟರಿನ ಮೇಲೆ ಓಡುತ್ತವೆ. ಸೊಸೆ ಒಂದು ಮಾತೂ ಆಡದೆ ಮಕ್ಕಳನ್ನು ಕೆಳಗಿಳಿಸಿದಳು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿ ತೋರಿಸಿದ. ಬ್ರೇಕ್ ಆಯಿಲ್ ಹರಿಯುವ ಉಕ್ಕಿನ ನಳಿಗೆ ಕಿರುಬೆರಳಿಗಿಂತ ಸಣ್ಣದು, ಅದರ ಮೇಲೆ ಪದರು ಪದರಾಗಿ ಜಂಗು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಈಗಿನ ಗಾಡಿಗಳಲ್ಲಿ ಬ್ರೇಕಿಗೆ ಎರಡು ಬೇರೆ ಬೇರೆ ದಾರಿ ಇರುತ್ತವೆ, ಒಂದು ಒಡೆದರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ. ಆದರೆ ಗಾಡಿ ನಿಲ್ಲಲು ಬೇಕಾಗುವ ದೂರ ಬಹಳ ಹೆಚ್ಚುತ್ತದೆ. ಇದು ಒಂದು ಚಳಿಗಾಲದ ಕೆಲಸವಲ್ಲ, 13 ಚಳಿಗಾಲದ್ದು ಎಂದು ಅವನು ನನಗೆ ಸಮಾಧಾನ ಹೇಳಿದ. ಸರಿ, ಒಪ್ಪಿದೆ. ಆದರೆ ಲೆಕ್ಕ ಹೀಗಿದೆ: ನಾನು ಉಳಿಸಿದ್ದು ಏಳೆಂಟು ಸಲ ತೊಳೆಯುವ 120 ಡಾಲರ್. ಎಲ್ಲ ನಳಿಗೆ ಬದಲಿಸಿ ಜಂಗು ಹಿಡಿಯದ ತಾಮ್ರ-ನಿಕಲ್ ಮಿಶ್ರಣದವನ್ನು ಹಾಕಿಸಲು ಹೋದದ್ದು 800 ಡಾಲರ್. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2015ರಲ್ಲೇ ಹಳೆಯ ಗಾಡಿಗಳವರಿಗೆ ಎಚ್ಚರಿಕೆ ಕೊಟ್ಟು, ಚಳಿಗಾಲದುದ್ದಕ್ಕೂ ಕೆಳಭಾಗ ತೊಳೆಯಿರಿ, ವಸಂತದಲ್ಲಿ ಚೆನ್ನಾಗಿ ತೊಳೆದು ನಳಿಗೆಗಳನ್ನು ಪರೀಕ್ಷಿಸಿರಿ ಎಂದು ಹೇಳಿತ್ತೆಂದು ಆಮೇಲೆ ತಿಳಿಯಿತು.

ವಸಂತದಲ್ಲೇ ಯಾಕೆಂದರೆ, ಕಡು ಚಳಿಯಲ್ಲಿ ಜಂಗು ನಿಧಾನ. ಹವೆ ಬೆಚ್ಚಗಾಗಿ ತೇವ ಕೂಡಿದಾಗ ಉಪ್ಪು ಚುರುಕಾಗಿ ತಿನ್ನತೊಡಗುತ್ತದೆ. ಬಿಸಿ ಮಾಡಿದ ಗ್ಯಾರೇಜಿನಲ್ಲಿ ಉಪ್ಪುರಾಡಿಯ ಗಾಡಿ ನಿಲ್ಲಿಸುವುದೂ ಹಾಗೆಯೇ ಕೆಟ್ಟದ್ದು. ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬ ಗಾದೆ ಇದೆಯಲ್ಲ, ಗಾಡಿಗೂ ಅದೇ ನ್ಯಾಯ. ಕಡೆಯ ಹಿಮ ಹೋಗಿ ಒಂದೆರಡು ಮಳೆ ರಸ್ತೆಯನ್ನು ತೊಳೆದ ಮೇಲೆ ಗಾಡಿಯ ಹೊಟ್ಟೆ, ಚಕ್ರದ ಮೇಲಿನ ಗೂಡು, ಬಾಗಿಲುಗಳ ಕೆಳ ಅಂಚು ಇವಿಷ್ಟಕ್ಕೆ ಜೋರಾಗಿ ನೀರು ಹೊಡೆಯಬೇಕು. ಬಾಗಿಲ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅವು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಒಳಗೆ ಕಾಲಹಾಸಿನ ಮೇಲಿನ ಬಿಳಿ ಕಲೆಗೆ ವಿನಿಗರ್ ಮತ್ತು ಬಿಸಿನೀರು ಸಮಸಮ ಬೆರೆಸಿ ಒರೆಸಿದರೆ ಹೋಗುತ್ತದೆ. ಇದನ್ನು ನಮ್ಮ ಮನೆಯವರು ಮಾಡಿದರು.

ಉಳಿದದ್ದನ್ನು ನಾನೂ ಮಗನೂ ಎರಡು ಭಾನುವಾರ ಕೂಡಿ ಮುಗಿಸಿದೆವು. ಚಳಿಗಾಲಕ್ಕೆ ಅಲ್ಲಿ ಬೇರೆ ಟಾಯರು, ಅದರ ರಬ್ಬರು ಮೆದು. ಹವೆ 7 ಡಿಗ್ರಿಯ ಮೇಲೆ ನಿಂತ ನಂತರವೂ ಅದರ ಮೇಲೆ ಓಡಿಸಿದರೆ ಬೇಗ ಸವೆಯುತ್ತದೆ. ಬಿಚ್ಚಿದ ಟಾಯರಿನ ಮೇಲೆ ಯಾವ ಚಕ್ರದ್ದೆಂದು ಚಾಕಿನಿಂದ ಬರೆದಿಟ್ಟೆವು. ಹೊಸದಾಗಿ ಹಾಕಿದ ಚಕ್ರದ ನಟ್ಟುಗಳನ್ನು 80 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಹವಾ ಕೂಡ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ನೋಡಬೇಕು. ಐದಾರು ಡಿಗ್ರಿ ಸೆಕೆ ಏರಿದರೆ ಸುಮಾರು ಒಂದು ಪೌಂಡು ಹವಾ ಏರುತ್ತದೆ, ಆದ್ದರಿಂದ ಜನವರಿಯಲ್ಲಿ ಸರಿ ತುಂಬಿಸಿದ್ದು ಏಪ್ರಿಲ್ಲಿಗೆ ಹೆಚ್ಚಾಗಿರುತ್ತದೆ.

ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಹೊಟ್ಟು ಕಟ್ಟಿತ್ತು. ಇಲ್ಲಿ ಮಾತ್ರ ಕಿರಾಣಿ ಅಂಗಡಿಯವನ ವಿದ್ಯೆ ಫಲಕ್ಕೆ ಬಂತು. ಮೊದಲು ಋಣದ, ಅಂದರೆ ಮೈನಸ್ಸಿನ ತಂತಿ ಬಿಚ್ಚಿಸಿ, ಅಡುಗೆ ಸೋಡಾ ಕದಡಿದ ನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಬುರುಗು ಎದ್ದು ಎಲ್ಲ ಸ್ವಚ್ಛವಾಯಿತು. ಮೊಮ್ಮಗ ಚಪ್ಪಾಳೆ ಹೊಡೆದ. ಐಸು ಕೆರೆದು ಹರಿದಿದ್ದ ವೈಪರ್ ಬದಲಿಸಿದೆವು. ಡಿಕ್ಕಿಯಲ್ಲಿ ಸಲಿಕೆ, ಉಪ್ಪಿನ ಚೀಲ, ಹಳೆಯ ಕಂಬಳಿ ತುಂಬಿಕೊಂಡು ತಿರುಗುತ್ತಿದ್ದ, ಅದನ್ನೆಲ್ಲ ಇಳಿಸಿದೆವು. ಅಲ್ಲಿ ರಸ್ತೆಯ ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿ ಡಾಂಬರು ಒಡೆದು ದೊಡ್ಡ ಗುಂಡಿ ಬೀಳುತ್ತವೆ (ಗುಂಡಿಯ ವಿಷಯದಲ್ಲಿ ನಾವು ಅಮೆರಿಕಕ್ಕೆ ಸಮಸಮ). ಅವುಗಳಲ್ಲಿ ಬಿದ್ದೆದ್ದ ಗಾಡಿ ನೇರ ರಸ್ತೆಯಲ್ಲಿ ಒಂದು ಕಡೆಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು.

ಕಾಸರಗೋಡು, ಗೋವೆಯ ಬಂಧುಗಳಿಗೆ ಒಂದು ಮಾತು. ನಿಮ್ಮಲ್ಲಿ ಹಿಮವಿಲ್ಲ, ಆದರೆ ಸಮುದ್ರದ ಗಾಳಿಯಲ್ಲಿ ಅದೇ ಉಪ್ಪಿದೆ. ದಂಡೆಯ ಹತ್ತಿರ ಗಾಡಿ ನಿಲ್ಲಿಸುವವರು ಕೆಳಭಾಗವನ್ನೂ ಆಗಾಗ ತೊಳೆಸಿರಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮೇಲೆತ್ತಿಸಿ ಬ್ರೇಕಿನ ನಳಿಗೆ ನೋಡಿಸಿರಿ.

ನಾವು ಮೇ ತಿಂಗಳಲ್ಲಿ ಸೋಲಾಪುರಕ್ಕೆ ಮರಳಿದೆವು. ಈಗ ಪ್ರತಿ ಚಳಿಗಾಲ ಮಗ ಫೋನ್ ಮಾಡಿದಾಗ ತಾನಾಗಿಯೇ ಹೇಳುತ್ತಾನೆ, "ಅಪ್ಪಾ, ಇವತ್ತ ಗಾಡಿ ತೊಳಸ್ಕೊಂಡು ಬಂದೆ." ಎಷ್ಟಾಯಿತು ಎಂದು ನಾನು ಕೇಳುವುದಿಲ್ಲ. ಹೊಟ್ಟೆ ಕೆಳಗೂ ಹೊಡೆಸಿದೆಯಾ ಎಂದಷ್ಟೇ ಕೇಳುತ್ತೇನೆ.